ನಾಲೆಯ ಏರಿಯ ಮೇಲೆ ನಡೆಯುವ ಪಾಠ



ಗದ್ದೆಯ ತೆವರಿಯ ಮೇಲೆಯೇ ನಡೆಯಲು ಕಲಿತ ತಮಗೆ ನಡೆಯುವುದನ್ನು ಹೇಳಿಕೊಡಲು ಹೊರಟರೆ ನಗುವವರೇ ಹೆಚ್ಚು. ಪಾಂಡವಪುರದ ಕಡೆಯ ಒಂದು ಹಳ್ಳಿಯಲ್ಲಿ ಈ ಮಾತು ತೆಗೆದಾಗ ಹಿರಿಯರೊಬ್ಬರು, "ಏನ್ ಸ್ವಾಮಿ, ವ್ಯವಸಾಯದ ಡಿಪ್ಲೊಮಾ ಓದ್ಕೊಂಡು ನಮ್ಗೆ ನಡ್ಯೋದ ಹೇಳ್ಕೊಡಕ್ ಬಂದ್ರಾ?" ಎಂದು ಕೇಳಿಯೇಬಿಟ್ಟರು. "ಇಲ್ಲ ಗೌಡ್ರೆ, ನಡೆಯುವಾಗ ತಾವು ಏನು ನೋಡುತ್ತೀರಿ ಅದನ್ನು ಕಲಿಯಲು ಬಂದೆ" ಎಂದೆ. ಆ ದಿನ ಬೆಳಿಗ್ಗೆ ಅವರ ಹಿಂದೆ ಸೀಳುನಾಲೆಯ ಏರಿಯ ಮೇಲೆ ಸುಮಾರು ಎರಡು ಮೈಲಿ ನಡೆದೆ. ಈ ಪಾಠದ ಅರ್ಧ ಭಾಗ ಅವರದೇ.

ಹಿಂದೆ ಗದ್ದೆಗೆ ಹೋಗುವವರೆಲ್ಲ ಏರಿಯ ಮೇಲೆಯೇ ನಡೆದು ಹೋಗುತ್ತಿದ್ದರು. ಈಗ ಮೋಟಾರು ಬೈಕು ಬಂದಿದೆ. ಬೈಕಿನ ಮೇಲೆ ಹೋಗುವವನಿಗೆ ಮುಂದಿನ ಗುಂಡಿ ಮಾತ್ರ ಕಾಣುತ್ತದೆ. ಏರಿಯ ಕೆಳಮಗ್ಗುಲಿನಲ್ಲಿ ನೆಲ ಒದ್ದೆಯಾಗಿರುವುದು, ಹೆಗ್ಗಣ ಹೊಸದಾಗಿ ಮಣ್ಣು ತೋಡಿ ಹಾಕಿರುವುದು ಕಾಣುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ವೈದ್ಯರು ದಿನಕ್ಕೆ ಅರ್ಧ ಗಂಟೆ ನಡೆಯಿರಿ ಎಂದು ಹೇಳುತ್ತಿದ್ದಾರೆ. ಹಾಗೆ ನಡೆಯುವವರು ವಾಹನ ಓಡಾಡುವ ಟಾರು ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಏರು ತಗ್ಗಿಲ್ಲದ, ನೆರಳಿರುವ ನಾಲೆಯ ಹಾದಿ ಊರ ಪಕ್ಕದಲ್ಲಿಯೇ ಬರಿದಾಗಿ ಬಿದ್ದಿರುತ್ತದೆ. ನಾಲೆಯನ್ನು ಮಟ್ಟ ನೋಡಿ ತೋಡಿರುವುದರಿಂದ ಅದರ ಏರಿಯೂ ಬಹುಮಟ್ಟಿಗೆ ಸಮವಾಗಿಯೇ ಇರುತ್ತದೆ. ವಯಸ್ಸಾದವರಿಗೂ ಮೊಣಕಾಲು ನೋವಿನವರಿಗೂ ಇದಕ್ಕಿಂತ ಸುಲಭವಾದ ಹಾದಿ ಹಳ್ಳಿಗಾಡಿನಲ್ಲಿ ಸಿಗುವುದು ಕಷ್ಟ.

ನಮ್ಮ ನಾಲ್ಕು ತಾಲ್ಲೂಕುಗಳ ಹಾದಿಗಳು

ಶ್ರೀರಂಗಪಟ್ಟಣ ತಾಲ್ಲೂಕಿನವರು ಈ ವಿಷಯದಲ್ಲಿ ಭಾಗ್ಯವಂತರು. ಕನ್ನಂಬಾಡಿ ಕಟ್ಟೆಗಿಂತ ಬಹಳ ಹಿಂದಿನ ನಾಲೆಗಳು ಇಲ್ಲಿವೆ. ಬಂಗಾರದೊಡ್ಡಿ ನಾಲೆಯು ಕಂಠೀರವ ನರಸರಾಜ ಒಡೆಯರ ಕಾಲದ್ದು. ಅವರು 1638ರಿಂದ 1659ರವರೆಗೆ ಆಳಿದರು. ಈ ನಾಲೆ ಕಾವೇರಿಯ ಒಂದು ಕವಲನ್ನು ಮೇಲ್ಗಾಲುವೆಯ ಮೂಲಕ ದಾಟಿ ಶ್ರೀರಂಗಪಟ್ಟಣದ ದ್ವೀಪಕ್ಕೆ ನೀರು ಒಯ್ಯುತ್ತದೆ. ಹೊಳೆಯ ಮೇಲೆ ಹೊಳೆ ಹರಿಸಿದ ಆ ಕಾಲದ ಕೆಲಸಗಾರರ ಕೈಗೆ ಅಳತೆಯ ಉಪಕರಣಗಳು ಎಷ್ಟಿದ್ದವೋ! ಚಿಕ್ಕದೇವರಾಜ ಒಡೆಯರ (1673-1704) ಹೆಸರಿನ ನಾಲೆಯನ್ನು ನಾವು ಸಿ.ಡಿ.ಎಸ್. ನಾಲೆ ಎಂದು ಕರೆಯುತ್ತೇವೆ. ಹೆಸರಿನ ಮೂರು ಅಕ್ಷರಗಳ ಹಿಂದೆ ಅರಸರಿದ್ದಾರೆಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ಬಲಮುರಿಯ ಕಟ್ಟೆಯಿಂದ ಹೊರಡುವ ವಿರಿಜಾ ನಾಲೆಯೂ ಉಂಟು. ಈ ಹಳೆಯ ನಾಲೆಗಳ ದಡದಲ್ಲಿ ಮರಗಳ ನೆರಳಿರುವ ಕಡೆ ಬೇಸಿಗೆಯ ಬೆಳಿಗ್ಗೆಯೂ ನಡೆಯಲು ಹಿತವಾಗಿರುತ್ತದೆ.

ರಂಗನತಿಟ್ಟಿನ ತಿಟ್ಟುಗಳು ಹುಟ್ಟಿದ್ದೂ ವ್ಯವಸಾಯದ ಕಟ್ಟೆಯಿಂದಲೇ. 1645ರಿಂದ 1648ರ ನಡುವೆ ಅದೇ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದಾಗ ನದಿಯ ನಡುವೆ ಈ ತಿಟ್ಟುಗಳು ಉಳಿದವು. ಪಕ್ಷಿಶಾಸ್ತ್ರಜ್ಞ ಸಲೀಂ ಅಲಿ ಅವರು ಇಲ್ಲಿನ ಹಕ್ಕಿಗಳ ಗೂಡುಗಳನ್ನು ಕಂಡು ಮೈಸೂರು ಅರಸರಿಗೆ ಸಲಹೆ ಮಾಡಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಲೋಕದ ಮುಖ್ಯ ಜೌಗುಭೂಮಿಗಳ ಆ ಪಟ್ಟಿಗೆ ಕರ್ನಾಟಕದಿಂದ ಮೊದಲು ಸೇರಿದ ಸ್ಥಳ ಇದೇ. ನಮ್ಮ ಗದ್ದೆಗಳಿಗೂ ಈ ತಿಟ್ಟುಗಳಿಗೂ ಇರುವ ನಂಟನ್ನು ತಿಳಿಯಬೇಕಾದರೆ ಬೆಳಗಿನ ಹೊತ್ತು ನಾಟಿ ಗದ್ದೆಯ ಅಂಚಿನಲ್ಲಿ ನಿಂತು ನೋಡಿ. ಮುಚ್ಚಿದರೂ ನಡುವೆ ಸಂದು ಉಳಿಯುವ ಕೊಕ್ಕಿನ ಕೊಕ್ಕರೆ ಒಂದುಂಟು. ಅದರ ಮುಖ್ಯ ಆಹಾರ ಬಸವನಹುಳು. ಬೆಳ್ಳಕ್ಕಿ ಮಿಡತೆಗಳನ್ನು ಹೆಕ್ಕುತ್ತದೆ. ಗೂಡಿನ ಮರಿಗಳಿಗೆ ಆಹಾರ ಹೋಗುವುದು ನಮ್ಮ ಗದ್ದೆ, ನಾಲೆ, ಕೆರೆಗಳಿಂದ. ನಾವು ಮಿತಿಮೀರಿ ಹೊಡೆದ ಔಷಧಿ ಹೋಗುವುದೂ ಅದೇ ದಾರಿಯಲ್ಲಿಯೇ. ಒಂದು ಎಚ್ಚರಿಕೆ: ಈ ಭಾಗದ ಕಾವೇರಿಯಲ್ಲಿ ಮೊಸಳೆಗಳಿವೆ. ಹೊಳೆಯ ಅಂಚಿನ ಬಂಡೆಯ ಮೇಲೆ ಕುಳಿತು ಕಾಲು ಇಳಿಬಿಡಕೂಡದು.

ಪಾಂಡವಪುರ ತಾಲ್ಲೂಕಿನಲ್ಲಿ ಮುಖ್ಯವಾದುದು ವಿಶ್ವೇಶ್ವರಯ್ಯ ನಾಲೆ. ಮೊದಲು ಇದಕ್ಕೆ ಇರ್ವಿನ್ ನಾಲೆ ಎಂದು ಹೆಸರಿತ್ತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ನೀರನ್ನು ಮಂಡ್ಯದ ಬಯಲಿಗೆ ತಂದದ್ದು ಇದೇ. ದಾರಿಯಲ್ಲಿ ಗುಡ್ಡ ಅಡ್ಡ ಬಂದುದರಿಂದ ಹುಲಿಕೆರೆಯ ಬಳಿ ಸುಮಾರು ಒಂದೂಮುಕ್ಕಾಲು ಮೈಲಿ ಸುರಂಗ ಕೊರೆದು ನೀರನ್ನು ಒಳಗಿನಿಂದ ಹಾಯಿಸಿದರು. ಇದು ದೊಡ್ಡ ನಾಲೆ, ಆಳದ ನಾಲೆ. ನಡಿಗೆಗೆ ಇದರ ಏರಿಗಿಂತ ಊರ ಹತ್ತಿರದ ಉಪನಾಲೆ, ಸೀಳುನಾಲೆಗಳೇ ಮೇಲೆಂದು ನನ್ನ ಅಭಿಪ್ರಾಯ. ಕಾರಣ ಮುಂದೆ ಹೇಳುತ್ತೇನೆ. ತೊಣ್ಣೂರು ಕೆರೆಯ ಏರಿ ಬೇರೆಯೇ ಬಗೆಯದು. ಎರಡು ಗುಡ್ಡಗಳ ನಡುವಣ ಸಂದಿಗೆ ಕಟ್ಟಿದ ಕಟ್ಟೆಯಾದ್ದರಿಂದ ಏರಿ ಗಿಡ್ಡ, ಕೆರೆ ಆಳ. ಏರಿಯ ಮೇಲೆ ನಿಂತು ನೋಡಿ ತೃಪ್ತಿಪಡುವುದು ಒಳ್ಳೆಯದು, ಈಜಲು ಇಳಿಯುವುದು ಬೇಡ.

ಕೃಷ್ಣರಾಜಪೇಟೆ ತಾಲ್ಲೂಕಿನವರಿಗೆ ಹೇಮಾವತಿ ಹೊಳೆಯ ಮಂದಗೆರೆ ಮತ್ತು ಹೇಮಗಿರಿ ಅಣೆಕಟ್ಟೆಗಳ ನಾಲೆಗಳು ಇವೆ. ಹೊಳೆ ಒಂದು ಮಗ್ಗುಲು, ಗದ್ದೆ ಒಂದು ಮಗ್ಗುಲು ಇರುವ ಕಡೆಗಳಲ್ಲಿ ಸಂಜೆ ನಡೆದರೆ ಮಿಂಚುಳ್ಳಿ, ನೀರುಕಾಗೆ, ಟಿಟ್ಟಿಭಗಳನ್ನು ಮಕ್ಕಳಿಗೆ ತೋರಿಸಬಹುದು. ಹೇಮಾವತಿಯು ಕಾವೇರಿಯನ್ನು ಸೇರುವ ಅಂಬಿಗರಹಳ್ಳಿಯ ಕಡೆ ಈಗ ಕನ್ನಂಬಾಡಿಯ ಹಿನ್ನೀರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಮೇಲೆ ಒಣಗಿ ಬಿರುಕು ಬಿಟ್ಟ ಮಣ್ಣು ಗಟ್ಟಿಯಾಗಿ ಕಾಣುತ್ತದೆ, ಅಡಿಯಲ್ಲಿ ಮೆತ್ತನೆಯ ಹೂಳು ಇರುತ್ತದೆ. ದನಗಳು ತುಳಿದ ಹಾದಿ ಬಿಟ್ಟು ನಡೆಯಕೂಡದು.

ನಾಗಮಂಗಲ ಒಣ ಸೀಮೆ, ಅಲ್ಲಿ ಯಾವ ಜೌಗು ಎಂದು ಕೇಳಬಹುದು. ಆದರೆ ಲೋಕಪಾವನಿ ಹುಟ್ಟುವುದು ನಾಗಮಂಗಲದ ನೆಲದಲ್ಲಿಯೇ. ಅದು ಪಾಂಡವಪುರ ಸೀಮೆಯಲ್ಲಿ ಹರಿದು ಶ್ರೀರಂಗಪಟ್ಟಣದ ಕರಿಘಟ್ಟದ ಬಳಿ ಕಾವೇರಿಯನ್ನು ಕೂಡುತ್ತದೆ. ಮೂರು ತಾಲ್ಲೂಕುಗಳನ್ನು ಕಟ್ಟಿದ ಈ ತೊರೆಯ ಉದ್ದಕ್ಕೂ ನಡೆದವರು ನಮ್ಮಲ್ಲಿ ಎಷ್ಟು ಮಂದಿ? ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದ ತರುವಾಯ ಹೇಮಾವತಿ ಎಡದಂಡೆ ನಾಲೆಯ ಶಾಖೆ ನಾಗಮಂಗಲಕ್ಕೂ ಬಂದಿದೆ. ನೀರು ಬಂದ ಕೆರೆಗಳ ಏರಿಯ ಮೇಲೆ ನಡೆಯುವವರು ಕೋಡಿ ಮತ್ತು ತೂಬನ್ನು ನೋಡಿಕೊಂಡು ಬಂದರೆ ಅದೇ ಒಂದು ಸೇವೆ.

ಏರಿಯನ್ನು ಓದುವ ಬಗೆ

ಈಗ ಗೌಡರು ಕಲಿಸಿದ ಪಾಠಕ್ಕೆ ಬರುತ್ತೇನೆ. ಅವರು ಏರಿಯ ನಡುವೆ ನಡೆಯುವುದಿಲ್ಲ; ಹೋಗುವಾಗ ಗದ್ದೆಯ ಮಗ್ಗುಲು, ಬರುವಾಗ ನೀರಿನ ಮಗ್ಗುಲು. ಕೈಯಲ್ಲಿ ಒಂದು ಕೋಲು. ಕಟ್ಟುನೀರು ಬಿಟ್ಟ ಎರಡನೆಯ ದಿನ ಅವರು ತಪ್ಪದೆ ಹೋಗುತ್ತಾರೆ. ಒಣಗಿದ್ದ ಏರಿ ನೀರು ಹೀರಿದ ಮೇಲೆಯೇ ತೂತುಗಳು ಹೊರಗೆ ತೋರುವುದು.

ಆ ದಿನ ಏರಿಯ ಬುಡದಲ್ಲಿ ಒಂದು ಕಡೆ ಜೊಂಡು ಉಳಿದ ಕಡೆಗಿಂತ ಹಸಿರಾಗಿತ್ತು. ಅವರು ಕೋಲಿನಿಂದ ಹುಲ್ಲು ಸರಿಸಿ ತೋರಿಸಿದರು. ಸಣ್ಣ ಊಟೆ, ಹೆಬ್ಬೆರಳಿನ ಗಾತ್ರ. ಅಂಗೈಯಲ್ಲಿ ನೀರು ಹಿಡಿದು ನೋಡಿದರು. ಕದಡಿತ್ತು. "ಬಸಿನೀರು ತಿಳಿಯಾಗಿದ್ರೆ ಹೆದರ್ಬೇಡಿ, ಕಣ್ಣಿಟ್ಟಿರಿ ಸಾಕು. ಕೆಂಪಗೆ ಬಂತು ಅಂದ್ರೆ ಏರಿ ಹೊಟ್ಟೆ ಒಳಗೇ ಕರಗ್ತಾ ಅದೆ" ಎಂದರು. ನಾನು ಪುಸ್ತಕದಲ್ಲಿ ಓದಿದ್ದೂ ಇದೇ. ನೀರು ಮಣ್ಣಿನ ಕಣಗಳನ್ನು ಹೊತ್ತು ತರುತ್ತಿದ್ದರೆ ಒಳಗಿನ ಕೊಳವೆ ಹೊರಮೈಯಿಂದ ನೀರಿನ ಕಡೆಗೆ ಬೆಳೆಯುತ್ತಾ ಹೋಗುತ್ತದೆ. ಅದು ನಾಲೆಯನ್ನು ಮುಟ್ಟಿದ ಗಳಿಗೆಯಲ್ಲಿ ಏರಿ ಕುಸಿಯುತ್ತದೆ. ಆ ಕೆಳಗೆ ಇದ್ದದ್ದು ಐದಾರು ಮನೆಗಳವರ ಸಸಿಮಡಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೊಂದನ್ನು ಹೇಳಬೇಕು. ಊಟೆ ಕಂಡ ಕೂಡಲೇ ಅದರ ಬಾಯಿಗೆ ಜೇಡಿಮಣ್ಣು ಮೆತ್ತುತ್ತೇವೆ. ನೀರು ನಿಂತಂತೆ ಕಾಣುತ್ತದೆ, ಒಳಗೆ ಒತ್ತಡ ಹೆಚ್ಚಿ ಪಕ್ಕದಲ್ಲಿ ಇನ್ನೊಂದು ಕಡೆ ಒಡೆಯುತ್ತದೆ. ಸರಿಯಾದ ಕ್ರಮ ಹೀಗೆ: ಹೊರಮಗ್ಗುಲಿನಲ್ಲಿ ಊಟೆಯ ಸುತ್ತ ಮರಳು ತುಂಬಿದ ಚೀಲಗಳನ್ನು ಬಾವಿಕಟ್ಟೆಯಂತೆ ದುಂಡಗೆ ಇಟ್ಟು, ಒಳಗೆ ಮರಳನ್ನೂ ಅದರ ಮೇಲೆ ಜಲ್ಲಿಯನ್ನೂ ಹಾಕಬೇಕು. ನೀರು ಬರಲಿ, ಮಣ್ಣು ಬರಬಾರದು. ತೂತನ್ನು ಮುಚ್ಚಬೇಕಾದದ್ದು ನೀರಿನ ಮಗ್ಗುಲಿನಲ್ಲಿ. ಅಲ್ಲಿ ನೀರು ಸಣ್ಣಗೆ ಸುಳಿ ತಿರುಗುವ ಜಾಗ ಇದ್ದರೆ ಅದೇ ಬಾಯಿ. ಜೇಡಿಮಣ್ಣಿನ ಚೀಲ, ಹುಲ್ಲು ಕಲೆಸಿದ ಮಣ್ಣಿನ ಉಂಡೆಗಳನ್ನು ದಡದಿಂದಲೇ ಅಲ್ಲಿಗೆ ಇಳಿಸಬೇಕು. ಇದಕ್ಕೂ ಮೊದಲು ನೀರುಗಂಟಿಗೂ ಕಾವೇರಿ ನೀರಾವರಿ ನಿಗಮದ ಇಂಜಿನಿಯರಿಗೂ ಫೋನ್ ಮಾಡಿ ನೀರು ತಗ್ಗಿಸಲು ಹೇಳತಕ್ಕದ್ದು. ಜಾಗ ಹೇಳುವಾಗ "ನಮ್ಮ ಹೊಲದ ಹತ್ತಿರ" ಎಂದರೆ ಅವರಿಗೆ ತಿಳಿಯದು. ಹತ್ತಿರದ ಸೇತುವೆ ಅಥವಾ ತೂಬಿನ ಸಂಖ್ಯೆ ಹೇಳಿ, ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿ. ಆ ದಿನ ಹಾಗೆಯೇ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ನೀರು ತಿಳಿಯಾಯಿತು.

ಏಡಿ ಮತ್ತು ಹೆಗ್ಗಣಗಳ ಬಿಲವಲ್ಲದೆ ಸತ್ತ ಮರದ ಬೇರೂ ತೂತಿಗೆ ಕಾರಣ. ಏರಿಯ ನೆತ್ತಿಯ ಮೇಲೆ ಆಲ, ಅತ್ತಿಗಳನ್ನು ಬೆಳೆಯಗೊಡಬಾರದು. ಮರ ಒಣಗಿದ ಮೇಲೆ ಬೇರು ಕೊಳೆತು ಅದರ ಜಾಗದಲ್ಲಿ ಕೊಳವೆ ಉಳಿಯುತ್ತದೆ. ನೆರಳಿಗೆ ಹೊಂಗೆ, ನೇರಳೆ ಬೇಕಾದರೆ ಏರಿಯ ಬುಡದಿಂದ ಆಚೆಗೆ, ನಿಗಮದವರ ಒಪ್ಪಿಗೆ ಪಡೆದು ನೆಡಿ. ಇಳಿಜಾರಿಗೆ ಗರಿಕೆಯೂ ಲಾವಂಚವೂ ಒಳ್ಳೆಯವು. ಲಾವಂಚದ ಬೇರು ಆರೇಳು ಅಡಿ ನೇರವಾಗಿ ಇಳಿದು ಮಣ್ಣನ್ನು ಹಿಡಿದುಕೊಳ್ಳುತ್ತದೆ. ದನಗಳು ನೀರಿಗೆ ಎಲ್ಲೆಂದರಲ್ಲಿ ಇಳಿಯದಂತೆ ಒಂದೇ ಕಡೆ ಚಪ್ಪಡಿ ಹಾಸಿ ಇಳಿದಾರಿ ಮಾಡಿಕೊಂಡರೆ ಏರಿ ಬಹುಕಾಲ ಬಾಳುತ್ತದೆ. ಬೇಸಿಗೆಯಲ್ಲಿ ನಾಲೆ ಒಣಗಿದಾಗ ಅಗಲ ಕಡಿಮೆಯಾದ ಏರಿಯನ್ನು ಅಳೆದು ನೋಡಿ. ವರುಷಕ್ಕೆ ಒಂದು ಗೇಣಿನಂತೆ ನೇಗಿಲಿಗೆ ಹೋದ ಏರಿ ಹತ್ತು ವರುಷದಲ್ಲಿ ಒಬ್ಬ ನಡೆಯಲೂ ಸಾಲದಂತಾಗುತ್ತದೆ. ಒತ್ತಿದವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತದೆ, ಹೇಳುವವರು ಇರುವುದಿಲ್ಲ. ಏರಿ ಒಡೆದಾಗ ಮೊದಲು ನೀರು ನುಗ್ಗುವುದು ಹಾಗೆ ಒತ್ತಿದವರ ಗದ್ದೆಗೇ.

ಜಾರಿದರೆ

ನಾನೂ ಒಮ್ಮೆ ನಾಲೆಗೆ ಬಿದ್ದವನೇ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ. ನೀರಿನಲ್ಲಿ ಬೆಳೆದ ಒಂದು ಕಳೆಯನ್ನು ಕಿತ್ತು ನೋಡೋಣವೆಂದು ಕಾಂಕ್ರೀಟು ಹಾಸಿದ ಇಳಿಜಾರಿನಲ್ಲಿ ಎರಡು ಹೆಜ್ಜೆ ಇಳಿದೆ. ಮೂರನೆಯ ಹೆಜ್ಜೆ ಪಾಚಿಯ ಮೇಲೆ ಬಿತ್ತು. ಈಜು ಬರುತ್ತದೆ ಎಂಬ ಧೈರ್ಯವಿತ್ತು. ಈಜಿ ದಡಕ್ಕೆ ಬಂದೆ, ಆದರೆ ಹತ್ತಲಾಗಲಿಲ್ಲ. ಕೈ ಹಿಡಿದಲ್ಲೆಲ್ಲ ನುಣುಪು. ನೀರು ಎಳೆಯುತ್ತಲೇ ಇತ್ತು. ಒಂದು ಫರ್ಲಾಂಗು ಕೆಳಗೆ ಎತ್ತುಗಳ ಮೈತೊಳೆಯುತ್ತಿದ್ದ ರೈತರು ಹಗ್ಗ ಎಸೆಯದಿದ್ದರೆ ಈ ಲೇಖನ ಬರೆಯಲು ನಾನು ಇರುತ್ತಿರಲಿಲ್ಲ.

ಲೆಕ್ಕ ಸರಳವಾಗಿದೆ. ನೀರು ಸೆಕೆಂಡಿಗೆ ಮೂರು ಅಡಿ ಹರಿಯುತ್ತಿದ್ದರೆ ಒಂದು ನಿಮಿಷದಲ್ಲಿ ಬಿದ್ದವನು 180 ಅಡಿ ದೂರ ಹೋಗಿರುತ್ತಾನೆ. ಮಣ್ಣಿನ ನಾಲೆಯಲ್ಲಾದರೆ ಹುಲ್ಲು, ಬೇರು ಏನಾದರೂ ಕೈಗೆ ಸಿಗುತ್ತದೆ. ಕಾಂಕ್ರೀಟು ಹಾಸಿದ ಮೇಲೆ ಕಡೆಯ ರೈತನಿಗೆ ನೀರು ಬೇಗ ತಲಪುತ್ತದೆ, ನಿಜ. ಬಿದ್ದವನಿಗೆ ಹಿಡಿಯಲು ಮಾತ್ರ ಏನೂ ಉಳಿಯುವುದಿಲ್ಲ. ದೊಡ್ಡ ನಾಲೆಯ ಏರಿಗಿಂತ ಸೀಳುನಾಲೆ ಮೇಲೆಂದು ಹೇಳಿದ್ದು ಇದರಿಂದ.

2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತದ್ದನ್ನು ನಮ್ಮ ಸೀಮೆಯವರು ಯಾರೂ ಮರೆತಿಲ್ಲ. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಾಲೆಯ ಪಕ್ಕದ ರಸ್ತೆಗೆ ತಡೆಗೋಡೆ ಇಲ್ಲದ ಜಾಗ ತಮ್ಮ ಪಂಚಾಯಿತಿಯ ಗಡಿಯಲ್ಲಿ ಇನ್ನೂ ಇದ್ದರೆ ಗ್ರಾಮಸಭೆಯಲ್ಲಿ ಬರೆಯಿಸಿ. ಬಾಯಿಮಾತಿನಲ್ಲಿ ಹೇಳಿದ್ದು ನಡವಳಿಕೆ ಪುಸ್ತಕಕ್ಕೆ ಬರುವುದಿಲ್ಲ.

ಯಾರಾದರೂ ಬಿದ್ದುದನ್ನು ಕಂಡರೆ ಹಿಂದೆಯೇ ಹಾರಕೂಡದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಮನೆಗಳು ನಮ್ಮ ಹಳ್ಳಿಗಳಲ್ಲಿವೆ. ಕೈಯನ್ನೂ ಕೊಡಬೇಡಿ, ಮುಳುಗುವವನು ಎಳೆದುಕೊಳ್ಳುತ್ತಾನೆ. ಮಲಗಿಕೊಂಡು ಕೋಲು, ಪಂಚೆ, ಸೀರೆ, ಎತ್ತಿನ ಹಗ್ಗ ಏನಾದರೂ ಚಾಚಿ. ಖಾಲಿ ಪ್ಲಾಸ್ಟಿಕ್ ಕ್ಯಾನನ್ನು ಮುಚ್ಚಳ ಬಿಗಿದು ಎಸೆದರೆ ಅದನ್ನು ತಬ್ಬಿ ತೇಲಬಹುದು. ಎಸೆಯುವಾಗ ಬಿದ್ದವನ ನೇರಕ್ಕೆ ಬೇಡ, ಅವನಿಗಿಂತ ಮುಂದಕ್ಕೆ, ನೀರು ಹೋಗುವ ಕಡೆಗೆ ಎಸೆಯಬೇಕು. ಇನ್ನೊಬ್ಬರು ಮುಂದಿನ ಸೇತುವೆಗೆ ಓಡಲಿ.

ಮೇಲೆ ಎಳೆದ ಮೇಲೆ ಕಾಲು ಹಿಡಿದು ತಲೆಕೆಳಗೆ ಮಾಡುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಲ್ಲಿ ಅಮೂಲ್ಯವಾದ ನಿಮಿಷಗಳು ಹೋಗುತ್ತವೆ. ಮೈಮೇಲೆ ಉಪ್ಪು ರಾಶಿ ಹಾಕಿದರೆ ಸತ್ತವರು ಏಳುತ್ತಾರೆಂದು ಫೋನುಗಳಲ್ಲಿ ಹರಿದಾಡುವ ಸುದ್ದಿಯನ್ನು ನಂಬಿ ಮಕ್ಕಳನ್ನು ಆಸ್ಪತ್ರೆಗೆ ಒಯ್ಯದೆ ಇಟ್ಟುಕೊಂಡವರುಂಟು. ಇದು ಶುದ್ಧ ಸುಳ್ಳು. ಉಸಿರಾಟವಿಲ್ಲದಿದ್ದರೆ ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಊದಿ. ಆಮೇಲೆ ಎದೆಯ ನಡುಮೂಳೆಯ ಮೇಲೆ ಅಂಗೈ ಊರಿ ಬೇಗಬೇಗ 30 ಸಲ ಒತ್ತಿ. ದೊಡ್ಡವರಿಗಾದರೆ ಎದೆ ಎರಡು ಅಂಗುಲ ತಗ್ಗಬೇಕು. ಮತ್ತೆ ಎರಡು ಉಸಿರು, ಮತ್ತೆ 30. ಉಸಿರು ಬರುವವರೆಗೆ ಅಥವಾ 108 ವಾಹನ ಬರುವವರೆಗೆ ನಿಲ್ಲಿಸಬಾರದು. ಕೆಮ್ಮಿ ಎದ್ದು ಕುಳಿತವರನ್ನೂ ಆಸ್ಪತ್ರೆಗೆ ತೋರಿಸಿ. ಇದನ್ನು ಓದಿ ಕಲಿಯುವುದಕ್ಕಿಂತ ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಊರಿಗೆ ಕರೆಸಿ ಕೈಯಿಂದ ಮಾಡಿ ಕಲಿಯುವುದು ಮೇಲು.

ಇನ್ನು ಕೆಲವು ಸಣ್ಣ ಮಾತುಗಳು

ಬೆಳಕು ಹರಿದ ಮೇಲೆ ಹೊರಡಿ. ರಾತ್ರಿ ನೀರು ಕಟ್ಟಲು ಹೋಗುವವರಿಗೆ ಬೇರೆ ದಾರಿಯಿಲ್ಲ. ಅವರು ಟಾರ್ಚು, ಕೋಲು, ಬೂಟು ಇಲ್ಲದೆ ಹೋಗಕೂಡದು. ಏರಿಯ ಹುಲ್ಲಿನಲ್ಲಿ ಕೊಳಕುಮಂಡಲ ಮಲಗಿರುತ್ತದೆ. ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಎರಡೂ ತಪ್ಪು. ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಿರಿ. ಕಾಲಿನಲ್ಲಿ ಗಾಯವಿದ್ದವರು ಕೆಸರಿನಲ್ಲಿ ಬರಿಗಾಲಲ್ಲಿ ನಡೆದರೆ ಇಲಿಜ್ವರ ಬರಬಹುದು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಂಡರೆ ವೈದ್ಯರಿಗೆ "ಗದ್ದೆಯ ನೀರಿನಲ್ಲಿ ಓಡಾಡಿದ್ದೆ" ಎಂದು ತಪ್ಪದೆ ಹೇಳಿ.

ಹೆಣ್ಣುಮಕ್ಕಳು ಬಟ್ಟೆ ಒಗೆಯುವ ಸೋಪಾನದ ಹತ್ತಿರ ಗಂಡಸರು ದೂರದಿಂದಲೇ ಕೆಮ್ಮಿ ಮುಂದೆ ಹೋಗುವುದು ಹಳೆಯ ಮರ್ಯಾದೆ. ಫೋನಿನಲ್ಲಿ ಚಿತ್ರ ತೆಗೆಯುವ ಹುಡುಗರಿಗೆ ಇದನ್ನು ಮನೆಯಲ್ಲಿಯೇ ಹೇಳಿಕೊಡಬೇಕು. ಇನ್ನೊಬ್ಬರ ಗದ್ದೆಯ ಹೊಸ ತೆವರಿಯ ಮೇಲೆ ಹದ ಆರುವ ಮುನ್ನ ಕಾಲಿಡಬಾರದು.

ನನ್ನನ್ನು ಎಳೆದುಹಾಕಿದ ರೈತರ ಊರಿನವರು ಈಗ ಒಂದು ಕೆಲಸ ಮಾಡಿಕೊಂಡಿದ್ದಾರೆ. ತಮ್ಮ ಎಲ್ಲೆಯೊಳಗಿನ ಮೂರು ಸೇತುವೆಗಳಲ್ಲಿಯೂ 40 ಅಡಿ ಬಾವಿಹಗ್ಗಕ್ಕೆ ಒಂದೊಂದು ಖಾಲಿ ಕ್ಯಾನು ಕಟ್ಟಿ ಕಂಬಕ್ಕೆ ತೂಗುಹಾಕಿದ್ದಾರೆ. ಮೊದಲ ಸಲ ಕಟ್ಟಿದ್ದನ್ನು ಯಾರೋ ದನ ಕಟ್ಟಲು ಬಿಚ್ಚಿಕೊಂಡು ಹೋದರು. ಎರಡನೆಯ ಸಲ ಹಗ್ಗಕ್ಕೆ ಕೆಂಪು ಬಣ್ಣ ಬಳಿದರು, ಅಂದಿನಿಂದ ಉಳಿದಿದೆ. ಹಗ್ಗ ಬಿಸಿಲು ಮಳೆಗೆ ಬೇಗ ಜೀರ್ಣವಾಗುವುದರಿಂದ ಯುಗಾದಿಗೊಮ್ಮೆ ಇಬ್ಬರು ಎರಡು ತುದಿ ಹಿಡಿದು ಜಗ್ಗಿ ನೋಡಿ, ಸಡಿಲವಾಗಿದ್ದರೆ ಹೊಸದು ಕಟ್ಟುತ್ತಾರೆ.